ಬಾಣ ತಾಗಿದ ಮೇಲೂ ಮುಗಿಯದ ಮಾತು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ, ಬಳಿಚಕ್ರದಂಥ ಊರುಗಳ ಬಯಲಲ್ಲಿ ದೊಡ್ಡಾಟ ನೋಡಿದವರಿಗೆ ಸಾರಥಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ದುರ್ಯೋಧನ ಅಟ್ಟದ ಹಲಗೆ ನಡುಗುವಂತೆ ಕುಣಿದು ಬಂದು ನಿಲ್ಲುತ್ತಾನೆ. ತಾವು ಯಾರು, ಯಾವ ದೇಶದ ಅರಸರು ಎಂದು ಸಾರಥಿ ಕೇಳುತ್ತಾನೆ. ಅರಸ ತನ್ನ ವಂಶ, ರಾಜ್ಯ, ಸೈನ್ಯ, ಪರಾಕ್ರಮಗಳನ್ನೆಲ್ಲ ದೊಡ್ಡ ದೊಡ್ಡ ಪದಗಳಲ್ಲಿ ಕೊಚ್ಚಿಕೊಳ್ಳುತ್ತಾನೆ. ಎಲ್ಲವನ್ನೂ ಕೈಕಟ್ಟಿ ಕೇಳಿದ ಸಾರಥಿ ಕೊನೆಗೆ ನಮ್ಮ ಕಡೆಯ ಮಾತಿನಲ್ಲಿ, "ಇಷ್ಟೆಲ್ಲಾ ಇದ್ದೂ ಪಾಂಡವರಿಗೆ ಐದೂರು ಕೊಡ್ಲಾಕ ಆಗ್ಲಿಲ್ಲೇನ್ರೀ ನಿಮಗ?" ಎಂದನೆನ್ನಿ. ಜನ ಬಿದ್ದು ಬಿದ್ದು ನಗುತ್ತಾರೆ. ದುರ್ಯೋಧನ ಮಾತ್ರ ಮೀಸೆ ತಿರುವುತ್ತ ನಿಲ್ಲಬೇಕು. ಏಕೆಂದರೆ ಆ ಪ್ರಶ್ನೆಗೆ ಉತ್ತರ ಅವನ ಪಟ್ಟಿಯಲ್ಲಿ ಬರೆದಿಲ್ಲ.

ಇಲ್ಲಿರುವ ವ್ಯತ್ಯಾಸ ಸಣ್ಣದಲ್ಲ. ದುರ್ಯೋಧನನ ಪಾತ್ರಧಾರಿ ತನ್ನ ಮಾತುಗಳನ್ನು ಮಾಸ್ತರನ ಮುಂದೆ ರಾತ್ರಿಗಟ್ಟಲೆ ಕೂತು ಬಾಯಿಪಾಠ ಮಾಡಿದ್ದಾನೆ. ಒಂದು ಪದ ತಪ್ಪಿದರೆ ಪರದೆಯ ಹಿಂದಿನಿಂದ ಎತ್ತಿಕೊಡುವವರೂ ಇದ್ದಾರೆ. ಸಾರಥಿಗೆ ಅಂಥ ಕಟ್ಟು ಕಡಿಮೆ. ಅವನು ಆ ರಾತ್ರಿ, ಆ ಊರು, ಎದುರು ಕೂತ ಜನ ಇವನ್ನು ನೋಡಿಕೊಂಡು ಮಾತು ಹುಟ್ಟಿಸುತ್ತಾನೆ. ಹಾಗಾದರೆ ಸಾರಥಿಗಿರುವ ಈ ಸಲಿಗೆ ದುರ್ಯೋಧನನಿಗೂ ಇದ್ದರೆ? ಕೃಷ್ಣನಿಗೂ, ಕರ್ಣನಿಗೂ ಇದ್ದರೆ? ಯಾರ ಕೈಯಲ್ಲೂ ಪಟ್ಟಿ ಇಲ್ಲದೆ, ಎಲ್ಲರೂ ಕೂತಲ್ಲೇ ಮಾತು ಕಟ್ಟುತ್ತ ಹೋದರೆ ಆಟ ಏನಾದೀತು?

ಕರಾವಳಿಯಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿ, ಮಲೆನಾಡಿನ ಕೆಲವು ಭಾಗಗಳಲ್ಲಿ ಅದು ತಾಳಮದ್ದಳೆ ಆಗಿದೆ. ಯಕ್ಷಗಾನದಿಂದ ಕುಣಿತವನ್ನೂ ವೇಷವನ್ನೂ ತೆಗೆದುಬಿಟ್ಟರೆ ಉಳಿಯುವುದು ಇದು ಎಂದು ಸ್ಥೂಲವಾಗಿ ಹೇಳಬಹುದು. ಅದನ್ನು ಪೂರ್ತಿ ಪರಊರಿನ ಸರಕು ಎಂದು ನಾವು ಭಾವಿಸಬೇಕಾಗಿಲ್ಲ. ತಾಳಮದ್ದಳೆಯ ಹೆಸರು ಸಿಗುವ ಅತಿ ಹಳೆಯ ದಾಖಲೆಯೆಂದು ವಿದ್ವಾಂಸರು ಎತ್ತಿ ತೋರಿಸುವ ಶಾಸನ ಇರುವುದು ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಸೋಮಸಮುದ್ರದಲ್ಲಿ. 1556ರ ಆ ಶಾಸನ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ವಿಷಯ ಹೇಳುತ್ತದೆ. ಇಂದು ಕಡಲ ತಡಿಯಲ್ಲಿ ಹುಲುಸಾಗಿ ಬೆಳೆದ ಕಲೆಯ ಹಳೆಯ ಗುರುತು ನಮ್ಮ ಬಿಸಿಲ ಸೀಮೆಯಲ್ಲಿ ಸಿಕ್ಕಿರುವುದು ಸೋಜಿಗವೇ ಸರಿ.

ಕೂಟದ ಏರ್ಪಾಟು ಬಹಳ ಸರಳ. ನಡುವೆ ಭಾಗವತ, ಅವನ ಪಕ್ಕದಲ್ಲಿ ಮದ್ದಳೆ, ಚೆಂಡೆ. ಇದು ಹಿಮ್ಮೇಳ. ಎರಡು ಬದಿಗೆ ಎದುರುಬದುರಾಗಿ ಪಂಚೆ, ಶಾಲಿನಲ್ಲಿ ಕೂತ ನಾಲ್ಕಾರು ಮಂದಿ ಅರ್ಥಧಾರಿಗಳು. ಭಾಗವತ ಪ್ರಸಂಗದ ಒಂದು ಪದ ಹಾಡುತ್ತಾನೆ. ಪದದಲ್ಲಿ ಇರುವುದು ನಾಲ್ಕು ಸಾಲು. ಅದರ 'ಅರ್ಥ'ವನ್ನು ಆ ಪಾತ್ರದವನು ಗದ್ಯದಲ್ಲಿ, ಆಗಿಂದಾಗ್ಗೆ ಹೊಳೆದಂತೆ ಹೇಳಬೇಕು. ನಾಲ್ಕು ಸಾಲಿಗೆ ನಾಲ್ಕು ಮಾತೂ ಆಗಬಹುದು, ನಲವತ್ತು ನಿಮಿಷವೂ ಆಗಬಹುದು. ಎದುರು ಕೂತವನು ಏನು ಕೇಳುತ್ತಾನೆಂದು ಇವನಿಗೆ ಗೊತ್ತಿರುವುದಿಲ್ಲ. ಇವನು ಏನು ಹೇಳಿಯಾನೆಂದು ಅವನಿಗೂ ತಿಳಿಯದು. ಇದರ ಮೇಲೆ ಇನ್ನೊಂದು ಕಟ್ಟು: ಮನೆಯಲ್ಲಿ ತುಳು, ಕೊಂಕಣಿ, ಮಲೆಯಾಳ ಏನೇ ಆಡಲಿ, ಕೂಟದಲ್ಲಿ ಅಚ್ಚ ಕನ್ನಡವೇ ಬರಬೇಕು. ಕೃಷ್ಣನ ಬಾಯಲ್ಲಿ 'ಟೈಮ್' ಎಂಬ ಒಂದು ಶಬ್ದ ಜಾರಿದರೆ ಸಭೆಗೆ ಅಂದಿನ ಮಟ್ಟಿಗೆ ಬೇರೆ ಹಾಸ್ಯಗಾರ ಬೇಕಿಲ್ಲ.

ಇದೇ ಬಗೆಯ ಇನ್ನೊಂದು ಕೂಟ ಅಮೆರಿಕದಲ್ಲಿ ಹುಟ್ಟಿತು. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಸಣ್ಣ ಪುಸ್ತಿಕೆಗಳ ರೂಪದಲ್ಲಿ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಆಟ ನಡೆಸುವವನೊಬ್ಬ ಗುಹೆ, ಕಾಡು, ರಾಕ್ಷಸರನ್ನು ವರ್ಣಿಸುತ್ತ ಹೋಗುತ್ತಾನೆ. ತಮ್ಮ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂದು ಉಳಿದವರು ಬಾಯಲ್ಲೇ ಹೇಳುತ್ತಾರೆ. ಸೋಲುಗೆಲುವಿನ ಸಂದರ್ಭ ಬಂದಾಗ ದಾಳ ಉರುಳಿಸುತ್ತಾರೆ. ಇಪ್ಪತ್ತು ಮುಖದ ದಾಳವೂ ಉಂಟು. ಶಕುನಿ ನೋಡಿದ್ದರೆ ಆಸೆಪಟ್ಟಾನು.

ಆಟ ಹಬ್ಬಿದಂತೆ ಒಂದು ತಮಾಷೆ ಎಲ್ಲರ ಗಮನಕ್ಕೆ ಬಂತು. ಅದೇ ಗುಹೆ, ಅದೇ ಮುಚ್ಚಿದ ಬಾಗಿಲು. ಆದರೆ ಆ ಬಾಗಿಲ ಮರ ಎಷ್ಟು ದಪ್ಪ, ಕೀಲು ಯಾವ ಕಡೆ ಎಂದು ಒಬ್ಬ ವಿಚಾರಿಸುತ್ತಾನೆ. ಇನ್ನೊಬ್ಬನಿಗೆ ಬಾಗಿಲು ಕಂಡೊಡನೆ ತನ್ನ ಪಾತ್ರ ಹುಟ್ಟಿದ ಮನೆ ನೆನಪಾಗಿ ಗಂಟಲು ಕಟ್ಟುತ್ತದೆ. ಮೂರನೆಯವನು ಮಾತೇ ಇಲ್ಲದೆ ಒದೆಯುತ್ತಾನೆ. ಗ್ಲೆನ್ ಬ್ಲೇಕೋ ಎಂಬವರು 1980ರಲ್ಲಿ ಈ ಕುರಿತು ಲೇಖನ ಬರೆದು, ಆಡುವ ರೀತಿಯಲ್ಲಿ ನಾಲ್ಕು ಜಾತಿಗಳನ್ನು ಗುರುತಿಸಿದರು. ಪಾತ್ರವೇ ತಾನಾಗುವುದು, ಕಥೆ ಬೆಳೆಸುವುದು, ಬಲ ಕೂಡಿಹಾಕುವುದು, ಯುದ್ಧದ ತಂತ್ರ ಹೂಡುವುದು. ಜಗಳ ಹುಟ್ಟುವುದು ಈ ಜಾತಿಗಳು ಒಂದೇ ಮೇಜಿಗೆ ಬಂದಾಗ.

ಬ್ಲೇಕೋ ಅವರು ಕಾಸರಗೋಡು ಕಡೆಯ ಒಂದು ಕೂಟಕ್ಕೆ ಬಂದಿದ್ದರೆ ಅವರ ಪಟ್ಟಿ ಇನ್ನಷ್ಟು ಉದ್ದವಾಗುತ್ತಿತ್ತು. ವಾಲಿವಧೆಯ ಸಂದರ್ಭವನ್ನೇ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ರಾಮಾಯಣ ಪ್ರಸಂಗಗಳ ಕಥೆಗಳಲ್ಲಿ ಇದೂ ಒಂದು. ಮರದ ಮರೆಯಿಂದ ರಾಮ ಬಿಟ್ಟ ಬಾಣ ತಾಗಿ ವಾಲಿ ಬಿದ್ದಿದ್ದಾನೆ. ಎದುರು ಬಂದು ನಿಂತ ರಾಮನನ್ನು ಕೇಳುತ್ತಾನೆ: ಅಡಗಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಪದ ಇಷ್ಟೇ. ಮುಂದಿನದೆಲ್ಲ ಅರ್ಥಧಾರಿಗಳ ಜವಾಬ್ದಾರಿ. ನೋಡಿ ಕೇಳಿದ ರೀತಿಗಳನ್ನು ನೆನೆದು, ಕೆಳಗಿನ ಮಾತುಗಳನ್ನು ಮಾದರಿಗೆಂದು ನಾನೇ ಕಟ್ಟಿದ್ದೇನೆ.

ಒಬ್ಬ ರಾಮ ಪುರಾಣಪ್ರಿಯ. ಧರ್ಮ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ವೈವಸ್ವತ ಮನುವಿನಿಂದ ಶುರು ಮಾಡುತ್ತಾನೆ. ಇಕ್ಷ್ವಾಕು, ಮಾಂಧಾತ, ಹರಿಶ್ಚಂದ್ರ, ಸಗರ, ಭಗೀರಥ, ಒಬ್ಬೊಬ್ಬರಿಗೂ ಒಂದೊಂದು ಉಪಕಥೆ, ನಡುನಡುವೆ ಶ್ಲೋಕ. ಎದೆಯಲ್ಲಿ ಬಾಣ ನೆಟ್ಟ ವಾಲಿ ಆ ಹೊತ್ತಿಗೆ ಎರಡು ಸಲ ಕಾಲು ಬದಲಿಸಿ ಕೂತು, ಒಂದು ಲೋಟ ಕಷಾಯ ಕುಡಿದು ಮುಗಿಸಿರುತ್ತಾನೆ. ರಘುವಿನ ಹೆಸರು ಬಂದಾಗ ಸಭೆಯಲ್ಲಿ ಸಮಾಧಾನದ ಉಸಿರು. ಇನ್ನೇನು, ಅಯೋಧ್ಯೆ ಹತ್ತಿರ ಬಂತು.

ಈ ರಾಮನ ಎದುರಿಗೆ ವಿನೋದಪ್ರಿಯ ವಾಲಿ ಕೂತಿದ್ದರೆ ಕಥೆ ಕೆಟ್ಟಿತು. "ಅಯ್ಯಾ, ನಿನ್ನ ಅಜ್ಜಂದಿರೆಲ್ಲ ಎದುರು ನಿಂತು ಕಾದಿದವರೆಂದು ನೀನೇ ಹೇಳಿದೆ, ಸಂತೋಷ. ಒಂದೇ ಬಾಣಕ್ಕೆ ಏಳು ಸಾಲವೃಕ್ಷಗಳನ್ನು ಸೀಳಿದೆ ಎಂದೂ ಕೇಳಿದ್ದೇನೆ. ಎಂಟನೆಯ ಮರವನ್ನು ಉಳಿಸಿಕೊಂಡದ್ದು ಅಡಗಲಿಕ್ಕೋ?" ಮುಕ್ಕಾಲು ಗಂಟೆಯ ವಂಶಾವಳಿ ಒಂದೇ ವಾಕ್ಯಕ್ಕೆ ನೆಲ ಕಚ್ಚುತ್ತದೆ.

ಮೂರನೆಯವನು ತಾರ್ಕಿಕ. ಅವನಿಗೆ ಅಳುವೂ ಬೇಡ, ನಗುವೂ ಬೇಡ, ಮಾತಿನ ಗೆರೆ ಸರಿಯಾಗಿರಬೇಕು. ವಾಲ್ಮೀಕಿಯ ರಾಮ ವಾಲಿಗೆ ಎರಡು ಸಮಾಧಾನ ಕೊಡುತ್ತಾನಷ್ಟೆ: ನೀನು ಶಾಖಾಮೃಗ, ಮೃಗವನ್ನು ಮರೆಯಿಂದ ಹೊಡೆಯುವುದು ಕ್ಷತ್ರಿಯರ ಬೇಟೆಯ ಪದ್ಧತಿ ಎಂಬುದು ಒಂದು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧಿ ನೀನು, ಅದಕ್ಕೆ ದಂಡ ಎಂಬುದು ಇನ್ನೊಂದು. ತಾರ್ಕಿಕನಾದ ವಾಲಿ ಇಲ್ಲಿಯೇ ಹಿಡಿಯುತ್ತಾನೆ. "ಎರಡರಲ್ಲಿ ಒಂದನ್ನು ಆರಿಸಿಕೋ. ನಾನು ಮೃಗವಾದರೆ ಮದುವೆಯ ಕಟ್ಟಳೆ ನನಗೇಕೆ? ಕಟ್ಟಳೆಗೆ ಒಳಪಟ್ಟವನಾದರೆ ವಿಚಾರಣೆ ಇಲ್ಲದ ಬೇಟೆ ಏಕೆ?" ರಾಮನೂ ಇದೇ ಜಾತಿಯವನಾಗಿದ್ದರೆ 'ಮೃಗ' ಎಂದರೇನು, 'ಮರೆ' ಎಂದರೇನು ಎಂದು ಶಬ್ದಗಳ ಮೇಲೆಯೇ ಯುದ್ಧ. ಸುಗ್ರೀವನ ಅರ್ಥದವನು ಅಷ್ಟರಲ್ಲಿ ಗೋಡೆಗೊರಗಿರುತ್ತಾನೆ.

ಇನ್ನು ಭಾವುಕ. ಅವನ ಮಾತು ಕಡಿಮೆ. ವಾಲಿಯ ಪ್ರಶ್ನೆಗೆ ತಕ್ಷಣ ಉತ್ತರ ಕೊಡದೆ ಸುಮ್ಮನಿರುತ್ತಾನೆ. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನವಳನ್ನೂ ಒಬ್ಬ ನಾನಿಲ್ಲದ ಹೊತ್ತು ನೋಡಿಯೇ ಒಯ್ದ, ವಾಲಿ" ಎನ್ನುತ್ತಾನೆ. ಇದು ಉತ್ತರವೇ ಅಲ್ಲ. ಆದರೂ ಸಭೆಯಲ್ಲಿ ಸೂಜಿ ಬಿದ್ದರೆ ಕೇಳಿಸುತ್ತದೆ. ತಾರ್ಕಿಕ ವಾಲಿಗೆ ಇವನ ಮುಂದೆ ಏನು ಮಾಡುವುದೆಂದು ತೋಚುವುದಿಲ್ಲ. ಕಣ್ಣೀರಿಗೆ ಖಂಡನೆ ಎಲ್ಲಿಂದ ತರುವುದು?

ಈ ಜಾತಿಗಳು ಬರಿಯ ನಗೆಚಾಟಿಕೆಯ ವಿಷಯವಲ್ಲ. ದೊಡ್ಡ ಅರ್ಥಧಾರಿಗಳ ಶೈಲಿಗಳು ಇವುಗಳಿಂದಲೇ ಬೆಳೆದವು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರಿಗೆ ವಕೀಲರಾದವರು. ಪುರಾಣ ಬರೆದವರು ಕೇಳದೆ ಬಿಟ್ಟ ಪಕ್ಷವನ್ನು ಎತ್ತಿ ಹಿಡಿಯುವುದು ಅವರ ಬಲ. ದೇರಾಜೆ ಸೀತಾರಾಮಯ್ಯನವರದು (1914–1984) ತದ್ವಿರುದ್ಧ ಮಾರ್ಗ. ಅಳೆದು ತೂಗಿದ ಚಿಕ್ಕ ಮಾತು, ಹೇಳಿದ್ದಕ್ಕಿಂತ ಸೂಚಿಸಿದ್ದು ಹೆಚ್ಚು. ಮಲ್ಪೆಯ ಸಾಮಗ ಸಹೋದರರನ್ನು ನೋಡಿ. ಅಣ್ಣ ಶಂಕರನಾರಾಯಣ ಸಾಮಗರದು ಸಂಸ್ಕೃತದ ಗಾಂಭೀರ್ಯ, ತಮ್ಮ ರಾಮದಾಸ ಸಾಮಗರದು ಚಟಪಟನೆ ಹಾರುವ ವಿನೋದ. ಒಂದೇ ಮನೆಯ ಮಕ್ಕಳಿಗೆ ಒಂದೇ ಶೈಲಿ ಬರಬೇಕೆಂಬ ನಿಯಮವಿಲ್ಲ. ಶೇಣಿ–ಸಾಮಗ ಎಂಬ ಜೋಡಿ ಹೆಸರು ಕೇಳಿದರೆ ಸಾಕು, ಜನ ಸೇರುತ್ತಿದ್ದರು. ಕುಂಬಳೆ ಸುಂದರ ರಾವ್ (1934–2022) ಪ್ರಾಸಗಳನ್ನು ಪೋಣಿಸಿ ಆಡುವುದಕ್ಕೆ ಹೆಸರಾದವರು. ಅವರು 1994ರಲ್ಲಿ ವಿಧಾನಸಭೆಗೂ ಆರಿಸಿ ಹೋದರು. ಅಲ್ಲಿ ಮಾತುಗಾರಿಕೆಗೆ ಅವಕಾಶವೇನೋ ಇದೆ, ಆದರೆ ಪದ ಎತ್ತಿ ನಿಲ್ಲಿಸುವ ಭಾಗವತ ಇಲ್ಲ.

ಭಾಗವತನ ಮಹತ್ವ ತಿಳಿಯುವುದು ಇಲ್ಲಿಯೇ. ಆಡುವವರು ಹಟಕ್ಕೆ ಬಿದ್ದಾಗ, ವಂಶಾವಳಿ ಬೆಳೆಯುತ್ತ ಹೋದಾಗ, ವಿನೋದ ಮಿತಿ ಮೀರಿ ರಾಮನ ಬದಲು ರಾಮನ ಅರ್ಥ ಹೇಳುವವನ ಕಡೆಗೆ ಬಾಣ ತಿರುಗಿದಾಗ, ಅವನು ವಾದ ಮಾಡುವುದಿಲ್ಲ. ತಾಳ ತಟ್ಟಿ ಮುಂದಿನ ಪದ ಎತ್ತುತ್ತಾನೆ. ಮದ್ದಳೆ ನುಡಿಯುತ್ತದೆ. ಯಾವ ಮಹಾಪಂಡಿತನೂ ಬಾಯಿ ಮುಚ್ಚಲೇಬೇಕು. ಅಮೆರಿಕದ ಮೇಜಿನಲ್ಲಿ ದಾಳ ಮಾಡುವ ಕೆಲಸವನ್ನು ಇಲ್ಲಿ ಪದ ಮಾಡುತ್ತದೆ. ವ್ಯತ್ಯಾಸವೆಂದರೆ ದಾಳ ಏನು ಬೀಳುವುದೋ ಯಾರಿಗೂ ಗೊತ್ತಿಲ್ಲ. ಪದದಲ್ಲಿ ಮುಂದೇನಾಗುವುದೆಂದು ಸಭೆಯಲ್ಲಿ ಕೂತ ಚಿಕ್ಕ ಹುಡುಗನಿಗೂ ಗೊತ್ತು.

ಆದರೂ ಭಾಗವತ ತಡಮಾಡಿದ, ಇಲ್ಲವೆ ದಾಕ್ಷಿಣ್ಯಕ್ಕೆ ಸಿಕ್ಕಿದ ಎಂದರೆ ಕೂಟ ಹಳಿ ತಪ್ಪುತ್ತದೆ. ಕೇಳುಗರೂ ಇದರಲ್ಲಿ ನಿರ್ದೋಷಿಗಳಲ್ಲ. ಒಳ್ಳೆಯ ಸಂವಾದಕ್ಕಿಂತ ಜಟಾಪಟಿಗೆ ಚಪ್ಪಾಳೆ ತಟ್ಟುವವರು ಎಂದಿಗೂ ಹೆಚ್ಚು. ಬೆಳಗಿನ ತನಕ ನಡೆಯುತ್ತಿದ್ದ ಕೂಟಗಳು ಈಗ ಮೂರು ನಾಲ್ಕು ಗಂಟೆಗಳಿಗೆ ಇಳಿದಿವೆ. ಅಷ್ಟು ಹೊತ್ತಿನಲ್ಲಿ ಒಬ್ಬನೇ ಎರಡು ಗಂಟೆ ತಿಂದರೆ ಉಳಿದವರು ಶಾಲು ಹೊದ್ದ ಗೊಂಬೆಗಳಾಗುತ್ತಾರೆ. ರಾಮದಾಸ ಸಾಮಗರ ಮಗ ವಾಸುದೇವ ಸಾಮಗರು ಕಟ್ಟಿದ ತಾಳಮದ್ದಳೆ ತಂಡದ ಹೆಸರೇ 'ಸಂಯಮಂ'. ಹೊತ್ತಿನ ಶಿಸ್ತು, ಮಾತಿನ ಶಿಸ್ತು ಎರಡನ್ನೂ ಆ ಹೆಸರು ಹೇಳುತ್ತದೆ. ತಂದೆಯ ಮಾತಿನ ಓಟವನ್ನು ಹತ್ತಿರದಿಂದ ಕಂಡವರಿಗೇ ಆ ಹೆಸರು ಹೊಳೆದದ್ದು ಸಹಜ.

ನನ್ನ ಮಟ್ಟಿಗೆ ಅರ್ಥಧಾರಿಯ ನಿಜವಾದ ಪರೀಕ್ಷೆ ಬರುವುದು ಗೆಲ್ಲುವಾಗ ಅಲ್ಲ. ಬುದ್ಧಿವಂತನೊಬ್ಬ ವಾಲಿಯ ಪಕ್ಷ ಹಿಡಿದು ರಾಮನನ್ನು ಮಾತಿನಲ್ಲಿ ಕಟ್ಟಿಹಾಕುವುದು ಅಷ್ಟೇನೂ ಕಷ್ಟವಲ್ಲ, ಅವನ ದೂರಿನಲ್ಲಿ ಹುರುಳಿದೆ. ಆದರೆ ಪ್ರಸಂಗದ ಮುಂದಿನ ಪದದಲ್ಲಿ ವಾಲಿ ರಾಮನಿಗೆ ಶರಣಾಗುತ್ತಾನೆ. ಅದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ. ವಾದದಲ್ಲಿ ಪೂರ್ತಿ ಗೆದ್ದು, ಪದ ಬಂದೊಡನೆ ಥಟ್ಟನೆ ಕೈಮುಗಿದರೆ ಅದು ಶರಣಾಗತಿ ಅನಿಸುವುದಿಲ್ಲ, ಹೊತ್ತಾಯಿತೆಂದು ಎದ್ದಂತೆ ಕಾಣುತ್ತದೆ. ಮೊದಲಿನಿಂದಲೇ ಭಕ್ತಿಯಿಂದ ಮೆತ್ತಗಾದರೆ ಸಂವಾದವೇ ಇಲ್ಲ. ತನ್ನ ಗೆಲುವಿನಿಂದ ತನ್ನ ಸೋಲಿಗೆ ತಾನೇ ಒಂದು ದಾರಿ ತೆಗೆಯಬೇಕು, ಆ ದಾರಿ ಕೇಳುಗನಿಗೆ ಹುಸಿ ಎನಿಸಬಾರದು. ತಾರ್ಕಿಕನಿಗೆ ಇಲ್ಲಿ ಭಾವುಕನ ಮೌನ ಬೇಕಾಗುತ್ತದೆ, ಭಾವುಕನಿಗೆ ತಾರ್ಕಿಕನ ಗೆರೆ.

ಒಳ್ಳೆಯ ವಾಲಿ ಅದನ್ನು ಹೀಗೂ ಮಾಡಬಲ್ಲ: "ರಾಮ, ನನ್ನ ಪ್ರಶ್ನೆಗೆ ನಿನ್ನಿಂದ ಉತ್ತರ ಬರಲಿಲ್ಲ. ಬರುವುದೂ ಇಲ್ಲ. ಆದರೆ ಬಿಲ್ಲು ಹಿಡಿದವನೊಬ್ಬ ತಾನು ಕೆಡವಿದವನ ದೂರನ್ನು ತಲೆ ತಗ್ಗಿಸಿ ಇಷ್ಟು ಹೊತ್ತು ಕೇಳಿದ್ದನ್ನು ನಾನು ಈ ವರೆಗೆ ಕಂಡಿಲ್ಲ. ನಾನಂತೂ ಹಾಗೆ ಕೇಳಿದವನಲ್ಲ, ಸುಗ್ರೀವ ಗುಹೆಯ ಬಾಯಲ್ಲಿ ನಡೆದದ್ದನ್ನು ಹೇಳಲು ಬಂದಾಗ ನಾನು ಕೇಳಲಿಲ್ಲ. ಅಂಗದನನ್ನು ನಿನ್ನ ಕೈಗೆ ಕೊಡುತ್ತೇನೆ."

ಅಷ್ಟು ಹೇಳಿ ಅವನು ಹೆಗಲ ಶಾಲು ಸರಿಪಡಿಸಿಕೊಂಡು ಸುಮ್ಮನಾಗುತ್ತಾನೆ. ಭಾಗವತ ಒಂದು ಗಳಿಗೆ ಬಿಟ್ಟು ಪದ ಎತ್ತುತ್ತಾನೆ.