ದಾರಿ ತಪ್ಪಿದ ವಿಮಾನದ ವಿಚಾರಣೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಪೀಣ್ಯವನ್ನು ದಾಟಿ ನೆಲಮಂಗಲವನ್ನು ಮುಟ್ಟುವ ಮೊದಲು ಸಿಗುವ ಊರು ಮಾದನಾಯಕನಹಳ್ಳಿ. ರಾಗಿಯ ಹೊಲಗಳಿದ್ದ ಕಡೆ ಈಗ ಕಬ್ಬಿಣದ ಉಗ್ರಾಣಗಳೂ ಕಾರ್ಖಾನೆಗಳೂ ಬಡಾವಣೆಗಳೂ ಎದ್ದಿವೆ. ಇಲ್ಲಿ ವಾಸವಾಗಿರುವ ನನಗೆ, ಹವ್ಯಾಸಕ್ಕಾಗಿ ಪುಟ್ಟ ವಿಮಾನಗಳನ್ನು ಕಟ್ಟಿ ರೇಡಿಯೋ ಅಲೆಗಳ ಮೂಲಕ ಹಾರಿಸುವ ಕೆಲವು ತರುಣರ ಪರಿಚಯವುಂಟು. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ನಮ್ಮ ಕೈಯಲ್ಲಿದ್ದಾಗ ನೆಟ್ಟಗೆ ಹಾರುವ ವಿಮಾನ, ಸ್ವಯಂಚಾಲಕಕ್ಕೆ ಒಪ್ಪಿಸಿದೊಡನೆ ದಾರಿ ತಪ್ಪುವುದೇಕೆ? ಈ ಪ್ರಶ್ನೆ ಬರಿಯ ಆಟದ್ದಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ, ಮುಂದೆ ಪ್ರೊಪೆಲರ್ ತಿರುಗುತ್ತಿರುವ ವಸ್ತು ಹೊಲವನ್ನು ಬಿಟ್ಟು ಹೆದ್ದಾರಿಯ ಕಡೆ ಹೊರಟರೆ, ಕೆಳಗಿರುವವರ ಪ್ರಾಣದ ಮಾತಾಗುತ್ತದೆ.

ಸ್ವಯಂಚಾಲಕವೆಂಬುದು ಹೊಸ ಕಲ್ಪನೆಯಲ್ಲ. 1914ರ ಜೂನ್‌ನಲ್ಲಿ, ಪ್ಯಾರಿಸ್ಸಿನ ಬಳಿ ಸೀನ್ ನದಿಯ ಮೇಲೆ ಲಾರೆನ್ಸ್ ಸ್ಪೆರಿ ಎಂಬ ಅಮೆರಿಕದ ತರುಣ ಎರಡೂ ಕೈಗಳನ್ನು ಮೇಲೆತ್ತಿ ವಿಮಾನವನ್ನು ಹಾರಲು ಬಿಟ್ಟ. ಅವನ ಸಹಾಯಕ ರೆಕ್ಕೆಯ ಮೇಲೆ ನಡೆದುಹೋದರೂ ವಿಮಾನ ವಾಲಲಿಲ್ಲ. ವೇಗವಾಗಿ ತಿರುಗುವ ಗೈರೋಸ್ಕೋಪುಗಳು ಅದನ್ನು ಸಮವಾಗಿ ಹಿಡಿದಿದ್ದವು. ಆ ಭಾರದ ಯಂತ್ರದ ಕೆಲಸವನ್ನು ಇಂದು ಬೆಂಕಿಪೊಟ್ಟಣದಷ್ಟು ದೊಡ್ಡ ಹಲಗೆಯೊಂದು ಮಾಡುತ್ತದೆ. ಆದರೆ ಈ ಹಲಗೆಗೆ ಕಣ್ಣಿಲ್ಲ. ಹೊಲ, ರಸ್ತೆ, ಮರ ಯಾವುದನ್ನೂ ಅದು ಕಾಣದು. ಗೈರೋಸ್ಕೋಪು, ದಿಕ್ಸೂಚಿ, ಉಪಗ್ರಹಗಳ ಸಂಕೇತ, ವಾಯುಭಾರಮಾಪಕ, ವೇಗದ ನಳಿಕೆ ಎಂಬ ಕೆಲವು ಸಾಕ್ಷಿಗಳು ಹೇಳಿದ್ದನ್ನು ಕೇಳಿ ತೀರ್ಪು ಕೊಡುವುದಷ್ಟೇ ಅದರ ಕೆಲಸ. ಆದುದರಿಂದ ವಿಮಾನ ದಾರಿ ತಪ್ಪಿದಾಗ ನ್ಯಾಯಾಧೀಶನನ್ನು ಬೈಯುವ ಮೊದಲು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಬೇಕು.

ಮೊದಲ ವಿಚಾರಣೆ ನೆಲದ ಮೇಲೆಯೇ ಆಗಲಿ. ಪ್ರೊಪೆಲರನ್ನು ಬಿಚ್ಚಿಟ್ಟು, ಸ್ವಯಂಚಾಲಕವನ್ನು ಸಮತೋಲನದ ಕ್ರಮಕ್ಕೆ ಹಾಕಿ, ವಿಮಾನವನ್ನು ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಿ. ಬಲ ರೆಕ್ಕೆಯ ಹಿಂಬದಿಯ ಪಟ್ಟಿ ಕೆಳಗಿಳಿಯಬೇಕು, ಎಡದ್ದು ಮೇಲೇಳಬೇಕು. ಅಂದರೆ ಬಿದ್ದ ರೆಕ್ಕೆಯನ್ನು ಎತ್ತಲು ಯಂತ್ರ ಯತ್ನಿಸಬೇಕು. ಮೂಗನ್ನು ತಗ್ಗಿಸಿದರೆ ಬಾಲದ ಅಡ್ಡಪಟ್ಟಿ ಮೇಲಕ್ಕೆ ಬಾಗಬೇಕು. ಇದು ತಿರುಗುಮುರುಗಾಗಿದ್ದರೆ, ಕೈಯಲ್ಲಿ ಚೆನ್ನಾಗಿ ಹಾರುವ ವಿಮಾನವೂ ಸ್ವಯಂಚಾಲಕದ ವಶಕ್ಕೆ ಬಂದ ಕ್ಷಣವೇ ಮಗುಚುತ್ತದೆ. ವಾಲುವುದನ್ನು ತಡೆಯಲಾರದ ವಿಮಾನಕ್ಕೆ ದಾರಿ ತೋರಿಸಿ ಪ್ರಯೋಜನವಿಲ್ಲ.

ಎರಡನೆಯ ಸಾಕ್ಷಿ ದಿಕ್ಸೂಚಿ. ಕಾಂತೀಯ ಸಮಭಾಜಕ ನಮ್ಮ ಪರ್ಯಾಯದ್ವೀಪದ ತೆಂಕಣ ತುದಿಯ ಬಳಿ ಹಾದುಹೋಗುವುದರಿಂದ, ಬೆಂಗಳೂರಿನ ಸುತ್ತ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿದೆ. ದಿಕ್ಸೂಚಿಗೆ ಇದು ಅನುಕೂಲವೇ. ಆದರೆ ಕಬ್ಬಿಣದ ಕಂಬಿಗಳನ್ನು ಹುದುಗಿಸಿದ ತಾರಸಿಯ ಮೇಲೆ, ತಗಡಿನ ಶೆಡ್ಡಿನ ಪಕ್ಕದಲ್ಲಿ ಅದನ್ನು ಹೊಂದಿಸಿದರೆ ಅದು ಕಲಿತದ್ದೆಲ್ಲ ಸುಳ್ಳು. ಇನ್ನೊಂದು ಶತ್ರು ವಿಮಾನದೊಳಗೇ ಇದೆ. ಬ್ಯಾಟರಿಯಿಂದ ಮೋಟಾರಿಗೆ ಹರಿಯುವ ವಿದ್ಯುತ್ತು ತನ್ನ ಸುತ್ತ ತನ್ನದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ನೆರೆಯ ಇಬ್ಬರು ತರುಣರ ವಿಮಾನ ಮೋಟಾರಿನ ವೇಗ ಏರಿಸಿದಾಗಲೆಲ್ಲ ಗೆರೆ ಬಿಟ್ಟು ಹಾವಿನಂತೆ ಓಲಾಡುತ್ತಿತ್ತು. ಅದರ ಹಾರಾಟದ ದಾಖಲೆಯನ್ನು ಒಟ್ಟಿಗೆ ಕೂತು ನೋಡಿದೆವು. ವಿದ್ಯುತ್ತಿನ ಗೆರೆ ಏರಿದಲ್ಲೆಲ್ಲ ದಿಕ್ಕಿನ ಗೆರೆಯೂ ಸರಿಯುತ್ತಿತ್ತು. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು, ದಿಕ್ಸೂಚಿಯನ್ನು ಒಂದು ಗೇಣು ದೂರಕ್ಕೆ ಕೊಂಡೊಯ್ದ ಮೇಲೆ ಓಲಾಟ ನಿಂತಿತು. ರೆಕ್ಕೆಯ ವಿಮಾನ ದಿಕ್ಸೂಚಿಯೇ ಇಲ್ಲದೆಯೂ ಉಪಗ್ರಹಗಳ ನೆರವಿನಿಂದ ಹಾರಬಲ್ಲದು. ಸುಳ್ಳು ಹೇಳುವ ದಿಕ್ಸೂಚಿಗಿಂತ ದಿಕ್ಸೂಚಿ ಇಲ್ಲದಿರುವುದೇ ಲೇಸು.

ಮೂರನೆಯದು ಉಪಗ್ರಹಗಳು. ಸ್ಥಾನವನ್ನೂ ಕಾಲವನ್ನೂ ಗೊತ್ತುಮಾಡಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಬೆಳಕು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ 300 ಮೀಟರ್ ಸಾಗುವುದರಿಂದ, ಕಾಲದ ಅತಿ ಸಣ್ಣ ದೋಷವೂ ನೆಲದ ಮೇಲೆ ದೊಡ್ಡದಾಗುತ್ತದೆ. ಹೆಚ್ಚಿನ ಸ್ವಯಂಚಾಲಕಗಳು ಹಾರಾಟಕ್ಕೆ ಸಿದ್ಧವಾದ ಕ್ಷಣದ ಸ್ಥಾನವನ್ನು 'ಮನೆ'ಯೆಂದು ನೆನಪಿಟ್ಟುಕೊಳ್ಳುತ್ತವೆ. ಅವಸರದಲ್ಲಿ, ಉಪಗ್ರಹಗಳಿನ್ನೂ ಸಾಲದಿರುವಾಗಲೇ ಹೊರಟರೆ, ವಿಮಾನ ನಂಬಿದ ಮನೆ ಹೊಲದಲ್ಲಿರದೆ ಪಕ್ಕದ ಬಡಾವಣೆಯಲ್ಲಿರಬಹುದು. ನಿಷ್ಠೆಯಿಂದ ಅದು ಅಲ್ಲಿಗೇ ಮರಳುತ್ತದೆ.

ನಾಲ್ಕನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಕುಗ್ಗಿದರೆ ಸುಮಾರು 9 ಮೀಟರ್ ಏರಿದಂತೆ. ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಿದ್ದು, ಸಂಜೆ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಬೆಳಿಗ್ಗೆ ಹೊಂದಿಸಿದ ಶೂನ್ಯವನ್ನೇ ಸಂಜೆಯೂ ನಂಬಿದರೆ, ನೆಲದ ಮೇಲೆ ನಿಂತ ವಿಮಾನ ತಾನು 30 ಮೀಟರ್ ಮೇಲಿದ್ದೇನೆಂದು ತಿಳಿಯುತ್ತದೆ. ಎತ್ತರದ ಅಂದಾಜು ಎಷ್ಟು ನಾಜೂಕಿನದೆಂಬುದಕ್ಕೆ ದೊಡ್ಡವರ ನಿದರ್ಶನವೂ ಇದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಮಾನವರಹಿತ ವಿಮಾನ ರುಸ್ತುಂ-1, 2009ರ ನವೆಂಬರ್‌ನಲ್ಲಿ ಹೊಸೂರಿನ ಬಳಿ ಮೊದಲ ಸಲ ಹಾರಿ ಇಳಿಯುವಾಗ, ಎತ್ತರದ ಅಂದಾಜು ತಪ್ಪಿ ನೆಲದಿಂದ ಎಂಜಿನ್ನನ್ನು ನಿಲ್ಲಿಸಿದ್ದರಿಂದ ಬಿದ್ದಿತು. 2010ರ ಅಕ್ಟೋಬರ್‌ನಲ್ಲಿ ಅದೇ ಹೆಸರಿನ ವಿಮಾನ ಯಶಸ್ವಿಯಾಗಿ ಹಾರಿತು.

ಕೊನೆಗೆ ಗಾಳಿ. ಮುಂಗಾರಿನಲ್ಲಿ ನಮ್ಮ ಕಡೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ವಿಮಾನಕ್ಕೆ 25 ಕಿಲೋಮೀಟರ್ ಗಾಳಿ ಸಿಕ್ಕಿದರೆ, ನೆಲದ ಲೆಕ್ಕದಲ್ಲಿ ಎದುರುಗಾಳಿಗೆ 25, ಹಿಂಗಾಳಿಗೆ 75 ಕಿಲೋಮೀಟರ್ ವೇಗವಾಯಿತು. 60 ಮೀಟರ್ ತ್ರಿಜ್ಯದ ವೃತ್ತವನ್ನು ಸುತ್ತಲು ಎದುರುಗಾಳಿಯಲ್ಲಿ 5 ಡಿಗ್ರಿ ವಾಲಿದರೆ ಸಾಕು. ಹಿಂಗಾಳಿಯಲ್ಲಿ 36 ಡಿಗ್ರಿ ಬೇಕು. ವಾಲುವಿಕೆಯ ಮಿತಿಯನ್ನು 30ಕ್ಕೆ ಕಟ್ಟಿಟ್ಟಿದ್ದರೆ ವಿಮಾನ ವೃತ್ತದ ಹೊರಗೆ ಜಾರುವುದು ಗಣಿತದ ಫಲ, ಯಂತ್ರದ ದೋಷವಲ್ಲ. ಗಾಳಿಯಲ್ಲಿನ ವೇಗವನ್ನು ಹೇಳುವ ನಳಿಕೆಯನ್ನೂ ಪರೀಕ್ಷಿಸಬೇಕು. ಹುಳವೋ ನೀರಿನ ಹನಿಯೋ ಅದನ್ನು ಮುಚ್ಚಬಲ್ಲದು. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನದ ಇಂಥ ನಳಿಕೆಗಳಿಗೆ ಮಂಜಿನ ಹರಳು ಕಟ್ಟಿಕೊಂಡಾಗ ಸ್ವಯಂಚಾಲಕ ತಾನಾಗಿ ಕೈಬಿಟ್ಟಿತು. ಚಾಲಕರು ಗೊಂದಲದಲ್ಲಿ ಹತೋಟಿ ಕಳೆದುಕೊಂಡರು, 228 ಮಂದಿ ಮಡಿದರು.

ಈ ವಿಚಾರಣೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹತ್ತು ಅಂಕಿಗಳನ್ನು ಒಟ್ಟಿಗೆ ತಿರುವಿದರೆ, ರೋಗ ವಾಸಿಯಾದರೂ ಯಾವ ಮದ್ದಿನಿಂದೆಂಬುದು ತಿಳಿಯದು. ಪ್ರತಿ ಹಾರಾಟದ ದಾಖಲೆಯನ್ನು ಓದಿಯೇ ಮುಂದಿನ ಹಾರಾಟಕ್ಕೆ ಏಳಬೇಕು. 2021ರ ಡ್ರೋನ್ ನಿಯಮಗಳು ಇಂಥ ಮಾದರಿ ವಿಮಾನ ಹಾರಿಸುವವನ ಕಣ್ಣಳತೆಯಲ್ಲೇ ಇರಬೇಕೆನ್ನುತ್ತವೆ. ಹಾರಲು ಅನುಮತಿಯುಳ್ಳ ಜಾಗ ಯಾವುದೆಂಬುದನ್ನು ಸರ್ಕಾರದ ವಾಯುಪ್ರದೇಶದ ನಕ್ಷೆ ತೋರಿಸುತ್ತದೆ. ಕಣ್ಣಿಲ್ಲದ ಯಂತ್ರಕ್ಕೆ ಕಣ್ಣಾಗಬೇಕಾದವರು ನಾವು. ಬೆರಳು ಸದಾ ಕೈ ನಿಯಂತ್ರಣದ ಗುಂಡಿಯ ಮೇಲಿರಲಿ. ಅನುಮಾನ ಬಂದಾಗ ಯಂತ್ರವೇ ಸರಿಹೋದೀತೆಂದು ಕಾಯದೆ ಅದನ್ನು ಒತ್ತಿ ವಿಮಾನವನ್ನು ಇಳಿಸಿಬಿಡಿ.