ದಿನ ತುಂಬಿದರೆ ಸಾಲದು, ಗರ್ಭಕೊರಳೂ ಮಾಗಬೇಕು

ಮನೆಯ ಮಗಳಿಗೋ ಸೊಸೆಗೋ ದಿನ ತುಂಬುತ್ತ ಬಂದಂತೆ ಹಿರಿಯರ ಎದೆಯಲ್ಲಿ ಅಳುಕು ಮೂಡುವುದು ಸಹಜ. ವೈದ್ಯರು ಹೇಳಿದ ತಾರೀಖು ಕಳೆದು ಎರಡು ದಿನವಾದರೆ ಸಾಕು, "ಮದ್ದು ಕೊಟ್ಟು ನೋವು ಬರಿಸಬಾರದೇಕೆ?" ಎಂಬ ಪ್ರಶ್ನೆ ಏಳುತ್ತದೆ. ಒಳ್ಳೆಯ ನಕ್ಷತ್ರ ನೋಡಿ ಆ ದಿನವೇ ಹೆರಿಗೆಯಾಗಲೆಂದು ಒತ್ತಾಯಿಸುವವರೂ ಉಂಟು. ಆಗ ವೈದ್ಯರು ಒಳಪರೀಕ್ಷೆ ಮಾಡಿ, "ಗರ್ಭಕೊರಳು ಇನ್ನೂ ಮಾಗಿಲ್ಲ" ಎನ್ನುತ್ತಾರೆ. ಈ ಮಾತಿನ ಅರ್ಥವನ್ನು ಮನೆಯವರೆಲ್ಲರೂ ಅರಿತಿದ್ದರೆ ಎಷ್ಟೋ ಆತಂಕ, ಎಷ್ಟೋ ಆತುರ ತಪ್ಪೀತು.

ಗರ್ಭಕೋಶದ ಕೆಳತುದಿಯೇ ಗರ್ಭಕೊರಳು. ಬಸಿರಿನ ಕಾಲದಲ್ಲಿ ಅದು ಭದ್ರವಾದ ಬಾಗಿಲಿನಂತೆ ಮುಚ್ಚಿಕೊಂಡು ಶಿಶುವನ್ನು ಕಾಯುತ್ತದೆ. ಪ್ರಸವ ಸಮೀಪಿಸಿದಂತೆ ಮೆತ್ತಗಾಗಿ, ಗಿಡ್ಡವಾಗಿ, ತೆರೆಯತೊಡಗುತ್ತದೆ. ಬಾಗಿಲು ಸಡಿಲಗೊಳ್ಳುವ ಮೊದಲೇ ಔಷಧದಿಂದ ಗರ್ಭಕೋಶವನ್ನು ಹಿಂಡಿಸಿದರೆ ತಾಯಿ ಬಹುಹೊತ್ತು ಬೇನೆ ತಿನ್ನಬೇಕಾದೀತು. ಕೊನೆಗೆ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು.

ಈ ಸಿದ್ಧತೆಯನ್ನು ಅಳೆಯಲು ಅಮೆರಿಕದ ಪ್ರಸೂತಿತಜ್ಞ ಎಡ್ವರ್ಡ್ ಬಿಷಪ್ 1964ರಲ್ಲಿ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಮೊದಲೇ ಹೆತ್ತಿದ್ದ ತಾಯಂದಿರಿಗಾಗಿ ರೂಪುಗೊಂಡ ಆ ಕ್ರಮ ಇಂದು ಚೊಚ್ಚಲ ಬಸುರಿಯರಿಗೂ ಬಳಕೆಯಲ್ಲಿದೆ. ವೈದ್ಯರು ಬೆರಳಿನಿಂದ ಪರೀಕ್ಷಿಸಿ ಐದು ಸಂಗತಿಗಳನ್ನು ನೋಡುತ್ತಾರೆ: ಕೊರಳು ಎಷ್ಟು ತೆರೆದಿದೆ, ಎಷ್ಟು ಗಿಡ್ಡವಾಗಿದೆ, ಶಿಶುವಿನ ತಲೆ ಎಷ್ಟು ಕೆಳಗಿಳಿದಿದೆ, ಕೊರಳು ಗಟ್ಟಿಯೋ ಮೃದುವೋ, ಅದು ಹಿಂದಕ್ಕೆ ವಾಲಿದೆಯೋ ಮುಂದಕ್ಕೆ ಬಂದಿದೆಯೋ. ಮಾಗದ ಕೊರಳು ಮೂಗಿನ ತುದಿಯಂತೆ ಗಟ್ಟಿ. ಮಾಗಿದ್ದು ತುಟಿಯಂತೆ ಮೃದು. ಮೊದಲ ಮೂರಕ್ಕೆ ತಲಾ 3, ಉಳಿದೆರಡಕ್ಕೆ ತಲಾ 2, ಒಟ್ಟು 13 ಅಂಕ. 8 ಅಥವಾ ಹೆಚ್ಚು ಬಂದರೆ ನೋವು ಬರಿಸಿದರೂ ಸಹಜ ಹೆರಿಗೆಯ ಭರವಸೆ ಚೆನ್ನಾಗಿದೆಯೆಂದರ್ಥ. 6 ಅಥವಾ ಕಡಿಮೆಯಾದರೆ ಮೊದಲು ಕೊರಳನ್ನು ಮಾಗಿಸಬೇಕು.

ಮಾಗಿಸಲು ಪ್ರೊಸ್ಟಾಗ್ಲಾಂಡಿನ್ ಜಾತಿಯ ಜೆಲ್ ಅಥವಾ ಮಾತ್ರೆಯನ್ನೋ, ತುದಿಯಲ್ಲಿ ನೀರು ತುಂಬುವ ಪುಟ್ಟ ಬಲೂನಿನ ನಳಿಕೆಯನ್ನೋ ಬಳಸುತ್ತಾರೆ. ಅನಂತರವೇ ಆಕ್ಸಿಟೋಸಿನ್ ಡ್ರಿಪ್. ಇಷ್ಟೆಲ್ಲಕ್ಕೆ ಒಂದೆರಡು ದಿನ ಹಿಡಿಯಬಹುದು. ಅದನ್ನು ವೈದ್ಯರ ಅಲಕ್ಷ್ಯವೆಂದು ಭಾವಿಸಬಾರದು. ಹಿಂದೆ ಸಿಸೇರಿಯನ್ ಆಗಿದ್ದರೆ ಮೊದಲೇ ತಿಳಿಸಬೇಕು. ಅಂಥವರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವ ಅಪಾಯವಿದೆ.

ಆದರೆ ಅಂಕ ಕಡಿಮೆಯೆಂದಮಾತ್ರಕ್ಕೆ ಎಲ್ಲರೂ ಕಾಯಬೇಕೆಂದಲ್ಲ. ರಕ್ತದೊತ್ತಡ ಏರಿದಾಗ, ಶಿಶುವಿನ ಬೆಳವಣಿಗೆ ಕುಂದಿದಾಗ, ನೋವಿಲ್ಲದೆ ನೀರೊಡೆದಾಗ ಕಾಯುವುದೇ ಕೇಡಾಗಬಹುದು. 41 ವಾರ ತುಂಬಿದವರಿಗೆ ನೋವು ಬರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಸೂಚಿಸಿದೆ. ಅಂಥಲ್ಲಿ ಅಂಕವು ದಾರಿ ತೋರುವ ದೀಪವೇ ಹೊರತು ಅಡ್ಡಗೋಡೆಯಲ್ಲ. ಕಡಿಮೆ ಅಂಕವಿದ್ದೂ ಸುಖವಾಗಿ ಹೆತ್ತವರು ಬಹಳ ಮಂದಿ. ಆದರೆ ಯಾವ ಕಾರಣವೂ ಇಲ್ಲದೆ, ಕೇವಲ ನಕ್ಷತ್ರಕ್ಕಾಗಿ 39 ವಾರ ತುಂಬುವ ಮುನ್ನ ಹೆರಿಗೆ ಮಾಡಿಸಿದರೆ ಶಿಶುವಿಗೆ ಉಸಿರಾಟದ ತೊಂದರೆ ತಗಲುವ ಸಂಭವ ಹೆಚ್ಚು. ಮಗುವಿನ ಉಸಿರಿಗಿಂತ ದೊಡ್ಡ ಮುಹೂರ್ತ ಯಾವುದಿದೆ?

ಆದ್ದರಿಂದ ಹಿರಿಯರು ವೈದ್ಯರನ್ನು ಕೇಳಬೇಕಾದುದು ಇಷ್ಟೇ: ನೋವು ಬರಿಸಲು ಕಾರಣವೇನು? ಇದು ಎಷ್ಟನೆಯ ವಾರ? ಗರ್ಭಕೊರಳು ಮಾಗಿದೆಯೆ, ಇಲ್ಲವಾದರೆ ಹೇಗೆ ಮಾಗಿಸುವಿರಿ? ಹರಳೆಣ್ಣೆ ಕುಡಿಸುವುದು, ಅಂಗಡಿಯಿಂದ ಮಾತ್ರೆ ತಂದು ಕೊಡುವುದು ಮನೆಯಲ್ಲಿ ಖಂಡಿತ ಬೇಡ. ಶಿಶುವಿನ ಚಲನೆ ಕಡಿಮೆಯಾದರೆ, ರಕ್ತಸ್ರಾವ ಕಂಡರೆ, ನೀರೊಡೆದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಲವಂತವಾಗಿ ಕಿತ್ತ ಕಾಯಿಗೆ ಹಣ್ಣಿನ ಸವಿಯಿಲ್ಲ. ಕಾಯಬೇಕಾದಲ್ಲಿ ಕಾಯುವ ತಾಳ್ಮೆಯನ್ನೂ ಓಡಬೇಕಾದಲ್ಲಿ ಓಡುವ ಎಚ್ಚರವನ್ನೂ ಮನೆಯವರು ಬೆಳೆಸಿಕೊಂಡರೆ, ಹೆರುವ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಆಸರೆ ಬೇರಿಲ್ಲ.