ಎಡಗಿವಿಗೆ ಡ್ರಮ್ಸು, ಬಲಗಿವಿಗೆ ಹಾಡು: ‘ರಬ್ಬರ್ ಸೋಲ್’ ಯಾಕೆ ಹೀಗೆ ಕೇಳಿಸುತ್ತೆ?

ತಿಲಕ್ ನಗರದಲ್ಲಿ ಬಸ್ ಹತ್ತಿದ ಮೇಲೆ ಒಂದು ಇಯರ್‌ಫೋನನ್ನ ಇಬ್ಬರು ಹಂಚಿಕೊಳ್ಳೋದು ನಮಗೆ ಮಾಮೂಲು. ಈಗಿನ ಸಿನಿಮಾ ಹಾಡಾದರೆ ಏನೂ ತೊಂದರೆ ಇಲ್ಲ. ಆದರೆ ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಆಲ್ಬಮ್ ಹಾಕಿ ನೋಡಿ. ಎಡಗಡೆ ಕೂತವನಿಗೆ ಡ್ರಮ್ಸು, ಗಿಟಾರು. ಬಲಗಡೆಯವನಿಗೆ ಹೆಚ್ಚುಕಮ್ಮಿ ಬರೀ ಹಾಡೋರ ಧ್ವನಿ. ಇಯರ್‌ಫೋನ್ ಕೆಟ್ಟೋಯ್ತು ಅಂತ ಎಲ್ಲರೂ ಮೊದಲು ವೈರ್ ತಿರುಚಿ ನೋಡ್ತಾರೆ. ಇಯರ್‌ಫೋನ್ ಸರಿಯಾಗೇ ಇರುತ್ತೆ. ಆ ಆಲ್ಬಮ್ ಮಿಕ್ಸ್ ಆಗಿರೋದೇ ಹಾಗೆ.

ಬೆಂಗಳೂರಿಗೆ ಹಳೇ ರಾಕ್ ಹುಚ್ಚು ಹೊಸದೇನಲ್ಲ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರಾಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನದಲ್ಲಿ ಹಾಡಿದರು. ಆಗ ನಾವ್ಯಾರೂ ಹುಟ್ಟಿರಲಿಲ್ಲ. ಆದರೂ ಅರವತ್ತರ ದಶಕದ ಆಲ್ಬಮ್‌ಗಳ ಬಗ್ಗೆ ನಮ್ಮ ಹಾಸ್ಟೆಲ್, ರೂಮುಗಳಲ್ಲಿ ರಾತ್ರಿಯಿಡೀ ಜಗಳ ನಡೆಯುತ್ತೆ. ಅದರಲ್ಲಿ ಮುಗಿಯದ ಜಗಳ ಅಂದ್ರೆ ಮೊನೊ ಸರಿನಾ, ಸ್ಟೀರಿಯೊ ಸರಿನಾ ಅನ್ನೋದು.

‘ರಬ್ಬರ್ ಸೋಲ್’ ಬಂದದ್ದು 1965ರ ಡಿಸೆಂಬರ್ 3ರಂದು. ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ರೆಕಾರ್ಡ್ ಆಯ್ತು, ನಿರ್ಮಾಪಕ ಜಾರ್ಜ್ ಮಾರ್ಟಿನ್. ಆಗ ಅಲ್ಲಿ ಇದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ. ಈಗ ನಮ್ಮ ಲ್ಯಾಪ್‌ಟಾಪಲ್ಲಿ ಬೇಕಾದಷ್ಟು ಟ್ರ್ಯಾಕ್ ಸಿಗುತ್ತೆ. ಅವರಿಗೆ ಇದ್ದದ್ದು ನಾಲ್ಕೇ. ಹಾಗಾಗಿ ಡ್ರಮ್ಸು, ಬೇಸು, ಗಿಟಾರು ಹಲವು ಸಲ ಒಂದೇ ಟ್ರ್ಯಾಕಿನಲ್ಲಿ ಕೂಡಿಕೊಂಡಿರ್ತಿತ್ತು. ಒಮ್ಮೆ ಕೂಡಿದ್ದನ್ನ ಆಮೇಲೆ ಬಿಡಿಸೋಕೆ ಆಗಲ್ಲ. ಚಿತ್ರಾನ್ನ ಕಲಸಿದ ಮೇಲೆ ಅರಿಶಿನ ವಾಪಸ್ ತೆಗೆದ ಹಾಗೆ.

ಇನ್ನೊಂದು ಕಾರಣ ಕೇಳುಗರ ಮನೆಯಲ್ಲಿತ್ತು. ಬಹಳ ಜನರ ಹತ್ತಿರ ಇದ್ದದ್ದು ಒಂದೇ ಸ್ಪೀಕರಿನ ಮೊನೊ ಪ್ಲೇಯರ್. ಅದಕ್ಕೇ ಮೊನೊ ಮಿಕ್ಸ್‌ಗೇ ಮೊದಲ ಮರ್ಯಾದೆ. ಸ್ಟೀರಿಯೊ ಮಾಡಿದರೂ, ಅದನ್ನ ಮೊನೊ ಪ್ಲೇಯರಿನಲ್ಲಿ ಹಾಕಿದರೆ ಹಾಡು ಕೆಡಬಾರದು. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಒಂದೇ ಸಿಗ್ನಲ್ ಎರಡೂ ಚಾನೆಲಿನಲ್ಲಿ ಸಮವಾಗಿದ್ದರೆ, ಎರಡನ್ನೂ ಕೂಡಿಸಿದಾಗ ಅದರ ಆಂಪ್ಲಿಟ್ಯೂಡ್ ದುಪ್ಪಟ್ಟಾಗುತ್ತೆ, ಅಂದ್ರೆ 6 ಡೆಸಿಬೆಲ್ ಜಾಸ್ತಿ. ಒಂದೇ ಚಾನೆಲಿನಲ್ಲಿ ಇರೋದು ಇದ್ದಷ್ಟೇ ಉಳಿಯುತ್ತೆ. ಹಾಡೋ ಧ್ವನಿಯನ್ನ ನಡುವೆ ಇಟ್ಟರೆ ಮೊನೊದಲ್ಲಿ ಅದು ವಾದ್ಯಗಳ ಮೇಲೆ ಸವಾರಿ ಮಾಡುತ್ತೆ. ಧ್ವನಿ ಪೂರ್ತಿ ಬಲಕ್ಕೆ, ವಾದ್ಯ ಪೂರ್ತಿ ಎಡಕ್ಕೆ ಇಟ್ಟರೆ ಕೂಡಿಸಿದ ಮೇಲೂ ಅಳತೆ ತಪ್ಪಲ್ಲ.

ಮನೆಯ ಸ್ಪೀಕರಿನಲ್ಲಿ ಈ ವಿಂಗಡಣೆ ಅಷ್ಟು ಕಾಟ ಕೊಡಲ್ಲ. ಎಡ ಸ್ಪೀಕರಿನ ಸದ್ದು ಎಡಗಿವಿಗೆ ಮೊದಲು, ಸುಮಾರು ಅರ್ಧ ಮಿಲಿಸೆಕೆಂಡಿನೊಳಗೆ ಬಲಗಿವಿಗೂ ತಲುಪುತ್ತೆ. ಗೋಡೆಗೆ ಬಡಿದು ಬಂದ ಸದ್ದೂ ಸೇರಿಕೊಳ್ಳುತ್ತೆ. ಇಯರ್‌ಫೋನಿನಲ್ಲಿ ಈ ಬೆರಕೆ ಇಲ್ಲವೇ ಇಲ್ಲ.

ನಮ್ಮ ರೂಮಿನಲ್ಲಿ ಒಬ್ಬನಿಗೆ ಹುಟ್ಟಿನಿಂದ ಬಲಗಿವಿ ಕೇಳಿಸಲ್ಲ. ನಾವೆಲ್ಲ ‘ನೋವೇರ್ ಮ್ಯಾನ್’ನ ಕೋರಸ್ ಹೊಗಳ್ತಾ ಇದ್ದರೆ ಅವನು ಸುಮ್ಮನೆ ಕೂತಿರ್ತಿದ್ದ. ಅವನ ಇಯರ್‌ಫೋನಲ್ಲಿ ಆ ಹಾಡು ಕರಾವೊಕೆ ಟ್ರ್ಯಾಕ್ ಥರ ಇತ್ತು, ಹಾಡೋರೇ ಇರಲಿಲ್ಲ. ಮೊನೊ-ಸ್ಟೀರಿಯೊ ಜಗಳ ನಮಗೆ ಟೈಮ್‌ಪಾಸ್. ಅವನಿಗೆ ಹಾಡು ಸಿಗುತ್ತಾ ಇಲ್ವಾ ಅನ್ನೋ ಪ್ರಶ್ನೆ.

ಅವನ ಪಕ್ಷದಲ್ಲಿ ದೊಡ್ಡವರೊಬ್ಬರು ಇದ್ದಾರೆ. ಬೀಚ್ ಬಾಯ್ಸ್ ತಂಡದ ಬ್ರಿಯಾನ್ ವಿಲ್ಸನ್‌ಗೂ ಬಲಗಿವಿ ಕೇಳಿಸ್ತಿರಲಿಲ್ಲ. ‘ರಬ್ಬರ್ ಸೋಲ್’ ಕೇಳಿದ ಹುರುಪಿನಲ್ಲಿ ಅವರು ಮಾಡಿದ ‘ಪೆಟ್ ಸೌಂಡ್ಸ್’ 1966ರಲ್ಲಿ ಬಂದದ್ದು ಮೊನೊದಲ್ಲೇ. ಅದಕ್ಕೆ ಸರಿಯಾದ ಸ್ಟೀರಿಯೊ ಮಿಕ್ಸ್ ಸಿಕ್ಕಿದ್ದು 1997ರಲ್ಲಿ. ನಮ್ಮ ಕಡೆ ನೋಡಿದರೂ ಅಷ್ಟೇ: ‘ರಬ್ಬರ್ ಸೋಲ್’ ಬಂದ ವರ್ಷವೇ ತೆರೆಗೆ ಬಂದ ರಾಜ್‌ಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ದ ಹಾಡುಗಳು ಮೊನೊ. ಘಂಟಸಾಲ ಹಾಡಿದ ‘ಕುಲದಲ್ಲಿ ಕೀಳ್ಯಾವುದೋ’ ಹಳೇ ರೆಕಾರ್ಡಿಂಗ್ ಯಾವ ಕಿವಿಗೆ ಇಟ್ಟರೂ ಪೂರ್ತಿ ಕೇಳುತ್ತೆ.

ಈಗ ಕಲಸಿದ ಚಿತ್ರಾನ್ನವನ್ನೂ ಬಿಡಿಸೋ ಕಾಲ ಬಂದಿದೆ. ಮೆಷಿನ್ ಲರ್ನಿಂಗ್ ಬಳಸಿ ಒಂದೇ ಟ್ರ್ಯಾಕಿನಲ್ಲಿ ಬೆರೆತ ಡ್ರಮ್ಸು, ಗಿಟಾರು, ಬೇಸನ್ನ ಬೇರೆ ಮಾಡ್ತಾರೆ. 2022ರಲ್ಲಿ ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಮಾರ್ಟಿನ್ ಹೀಗೇ ‘ರಿವಾಲ್ವರ್’ ಆಲ್ಬಮನ್ನ ಮತ್ತೆ ಮಿಕ್ಸ್ ಮಾಡಿದರು. 2023ರಲ್ಲಿ ಬಂದ 1962–1966ರ ಸಂಕಲನದಲ್ಲಿ ‘ನೋವೇರ್ ಮ್ಯಾನ್’ಗೂ ಹೊಸ ಮಿಕ್ಸ್ ಸಿಕ್ಕಿತು. ಧ್ವನಿ ಈಗ ನಡುವೆ ಇದೆ. ಹಳಬರಲ್ಲಿ ಕೆಲವರಿಗೆ ಇದು ಹಿಡಿಸಲ್ಲ, ಅವರು ಕೇಳಿ ಬೆಳೆದದ್ದು ಬೇರೆ. ಅದೂ ನ್ಯಾಯವೇ. 2009ರಲ್ಲಿ ಮೊನೊ ಮಿಕ್ಸ್‌ಗಳ ಸಿಡಿ ಪೆಟ್ಟಿಗೆ ಬಂದದ್ದು ಅಂಥವರಿಗಾಗಿಯೇ.

ನೀವೇ ಪರೀಕ್ಷೆ ಮಾಡಿ. ‘ನೋವೇರ್ ಮ್ಯಾನ್’ 2009ರ ರೀಮಾಸ್ಟರ್ ಮತ್ತು 2023ರ ಮಿಕ್ಸ್ ಎರಡನ್ನೂ ಎಡಗಿವಿಯಲ್ಲಿ ಮಾತ್ರ ಕೇಳಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ಒಳಗೆ ‘ಮೊನೊ ಆಡಿಯೊ’ ಅಂತ ಇರುತ್ತೆ, ಆನ್ ಮಾಡಿ. ಎರಡೂ ಚಾನೆಲ್ ಕೂಡಿ ಒಂದಾಗುತ್ತೆ. ಮಾರ್ಟಿನ್ ಹಾಕಿದ್ದ ಆ ಲೆಕ್ಕ ಇವತ್ತಿನ ಫೋನಲ್ಲೂ ಸರಿ ಬರುತ್ತೆ. ನಮ್ಮ ಗೆಳೆಯ ಈಗ ಕೋರಸ್‌ಗೆ ನಮಗಿಂತ ಜೋರಾಗಿ ದನಿ ಸೇರಿಸ್ತಾನೆ, ಶ್ರುತಿ ಮಾತ್ರ ಕೇಳಬೇಡಿ.